ಗೇಟಿಗೆ ಭರತದ ವೇಳೆ ಹಾಕಿ: ಕೊಲ್ಲಿ ದಂಡೆ ನೋಡಿಕೊಳ್ಳುವವರಿಗೂ ನೋಡಬರುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಗದ್ದಲವಿಲ್ಲದ ಕೊಲ್ಲಿ ದಂಡೆಯೊಂದು ಜನರ ಕಣ್ಣಿಗೆ ಬಿದ್ದ ಕೂಡಲೇ ಅಲ್ಲಿ ಮೂರು ವಸ್ತು ಏಳುತ್ತವೆ: ಒಂದು ಗೇಟು, ಒಂದು ಸಾಲು ದೀಪದ ಕಂಬ, 'ಬೆಳಿಗ್ಗೆ 6ರಿಂದ ಸಂಜೆ 6' ಎಂಬ ಫಲಕ. ಈ ಪತ್ರ ಮುಖ್ಯವಾಗಿ ಆ ಫಲಕದ ಬಗ್ಗೆ. ಹಕ್ಕಿಗೂ ಜನರಿಗೂ ಆಗುವ ತೊಂದರೆಯಲ್ಲಿ ಬಹುಪಾಲು ಆ ಒಂದು ಸಾಲಿನ ತಪ್ಪಿನಿಂದಲೇ ಆಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊಲ್ಲಿಯ ದಿನ 24 ಗಂಟೆಯದಲ್ಲ, 24 ಗಂಟೆ 50 ನಿಮಿಷದ್ದು. ಹೆಚ್ಚಿನ ತೀರಗಳಲ್ಲಿ ಒಂದು ಭರತದಿಂದ, ಅಂದರೆ ಸಮುದ್ರದ ನೀರು ಪೂರ್ತಿ ಏರಿ ನಿಲ್ಲುವ ಹೊತ್ತಿನಿಂದ, ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಹಾಗಾಗಿ ನಾಳೆಯ ಭರತ ಇವತ್ತಿನದಕ್ಕಿಂತ ಹೆಚ್ಚುಕಡಿಮೆ 50 ನಿಮಿಷ ತಡ. ವಾರ ಕಳೆಯುವಷ್ಟರಲ್ಲಿ ಲೆಕ್ಕವೇ ತಲೆಕೆಳಗು: ಈ ಭಾನುವಾರ ಬೆಳಿಗ್ಗೆ 7ಕ್ಕೆ ತುಂಬಿ ತುಳುಕುತ್ತಿದ್ದ ಕೊಲ್ಲಿ ಮುಂದಿನ ಭಾನುವಾರ ಅದೇ 7ಕ್ಕೆ ಕಣ್ಣು ಹಾಯುವಷ್ಟು ದೂರ ಕೆಸರು ಬಯಲು. ದಿನಕ್ಕೊಂದೇ ಭರತ ಬರುವ ತೀರಗಳೂ ಇವೆ, ಅಲ್ಲಿಯ ಪಟ್ಟಿ ಬೇರೆ. ಎಲ್ಲಿಯೇ ಆಗಲಿ, ದಂಡೆಯ ಹಕ್ಕಿ ಊಟ ಮಾಡುವುದು, ಮಲಗುವುದು ನೀರಿನ ಈ ಗಡಿಯಾರ ನೋಡಿಕೊಂಡು. ನಮ್ಮ ಗೇಟು ಮಾತ್ರ ಗೋಡೆ ಗಡಿಯಾರ ನೋಡುತ್ತದೆ.

ಕೆಸರು ಕೆದಕಿ ತಿನ್ನುವ ಹಕ್ಕಿಗಳಿಗೆ, ಅಂದರೆ ಗೊರವ, ಪ್ಲೋವರ್, ಕರ್ಲ್ಯೂ, ಗಾಡ್‌ವಿಟ್‌ಗಳಿಗೆ, ಹಗಲು-ರಾತ್ರಿಯ ಭೇದ ಅಷ್ಟಾಗಿ ಇಲ್ಲ. ಇಳಿತದಲ್ಲಿ ಬಯಲು ತೆರೆದುಕೊಂಡಾಗ ತಿನ್ನುತ್ತವೆ, ನಡುರಾತ್ರಿಯಾದರೂ ಸರಿ. ಭರತ ಬಂದು ಬಯಲು ಮುಳುಗಿದಾಗ ಅಷ್ಟೂ ಹಕ್ಕಿಗಳು ದಂಡೆಯ ಒಂದೆರಡು ಮರಳುದಿಣ್ಣೆಗೋ ಉಪ್ಪುಜೌಗಿನ ಅಂಚಿಗೋ ಬಂದು ಒತ್ತೊತ್ತಾಗಿ ನಿಲ್ಲುತ್ತವೆ. ಹಲವು ಚದರ ಕಿಲೋಮೀಟರಿನಲ್ಲಿ ಹರಡಿದ್ದ ಹಿಂಡು ಆಟದ ಮೈದಾನದಷ್ಟು ಜಾಗಕ್ಕೆ ಇಳಿಯುತ್ತದೆ. ಜನರಿಗೂ ದಂಡೆಯ ನಡಿಗೆಗೆ ಇಷ್ಟವಾಗುವ ಹೊತ್ತು ಅದೇ: ನೀರು ಹತ್ತಿರ, ಕೆಸರಿನ ವಾಸನೆ ಇಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ನಡೆಯುವುದೂ ಅದೇ ಮರಳುದಿಣ್ಣೆಯ ಮೇಲೆ, ಬೇರೆ ಒಣ ಜಾಗ ಉಳಿದಿರುವುದಿಲ್ಲವಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಇಡೀ ದಂಡೆ ಮುಚ್ಚಬೇಡಿ, ಇಡೀ ದಿನವೂ ಬೇಡ. ಹಕ್ಕಿ ತಂಗುವ ಪಟ್ಟಿಯನ್ನಷ್ಟೇ ಭರತಕ್ಕೆ 2 ಗಂಟೆ ಮೊದಲಿನಿಂದ 2 ಗಂಟೆ ನಂತರದವರೆಗೆ ಬಿಟ್ಟುಕೊಡಿ. ಅದೂ ಎಲ್ಲ ದಿನ ಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಎತ್ತರಕ್ಕೆ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಭರತ ಸಪ್ಪೆ, ಎಷ್ಟೋ ಕಡೆ ಬಯಲಿನ ಮೇಲ್ಭಾಗ ಮುಳುಗುವುದೇ ಇಲ್ಲ. ನಿಮ್ಮ ಕೊಲ್ಲಿಯಲ್ಲಿ ಎಷ್ಟು ಮೀಟರಿನ ಭರತಕ್ಕೆ ಬಯಲು ಪೂರ್ತಿ ಮುಚ್ಚುತ್ತದೆ ಎಂದು ನಾಲ್ಕು ದಿನ ನಿಂತು ನೋಡಿದರೆ ಗೊತ್ತಾಗುತ್ತದೆ. ಆ ಅಂಕಿ ದಾಟುವ ದಿನಗಳಲ್ಲಿ ಮಾತ್ರ ಹಗ್ಗ ಕಟ್ಟಿ. ನಾಲ್ಕು ಗೂಟ, ಒಂದು ಹಗ್ಗ, ಅದರಾಚೆ ಯಾಕೆ ಹೋಗಬಾರದು ಎಂಬ ಒಂದು ವಾಕ್ಯ ಸಾಕು. ಕಾರಣ ಬರೆಯದ 'ಪ್ರವೇಶ ನಿಷೇಧ' ಫಲಕವನ್ನು ಜನ ದಾಟುತ್ತಾರೆ. ಹಿಂದೆ ಮಲಗಿದ ಹಿಂಡು ಕಾಣುತ್ತಿದ್ದು, ಹಗ್ಗ ಯಾವಾಗ ಬಿಚ್ಚುತ್ತದೆ ಎಂದೂ ಬರೆದಿದ್ದರೆ ಸಾಮಾನ್ಯವಾಗಿ ದಾಟುವುದಿಲ್ಲ. ಇದು ಹೊಸ ಯೋಚನೆಯೂ ಅಲ್ಲ. ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಕುದುರೆಲಾಳ ಏಡಿಯ ಮೊಟ್ಟೆ ತಿನ್ನಲು ಮೇ ತಿಂಗಳಲ್ಲಿ ರೆಡ್ ನಾಟ್ ಹಕ್ಕಿಗಳು ಇಳಿದಾಗ ನ್ಯೂಜೆರ್ಸಿ ಬದಿಯ ದಂಡೆಗಳ ಕೆಲವು ಭಾಗಗಳನ್ನು ಜನರಿಗೆ ಮುಚ್ಚುತ್ತಾರೆ. ಹಕ್ಕಿ ಹೊರಟ ಮೇಲೆ ತೆರೆಯುತ್ತಾರೆ.

ಒಂದು ಸಲ ಹಾರಿಸಿದರೆ ಏನಾಯಿತು, ಮತ್ತೆ ಬಂದು ಕೂರುತ್ತದಲ್ಲ ಎಂಬ ಮಾತು ಪದೇಪದೇ ಬರುತ್ತದೆ. ಬಾರ್-ಟೇಲ್ಡ್ ಗಾಡ್‌ವಿಟ್‌ನ ಲೆಕ್ಕ ನೋಡಿ. 2022ರ ಅಕ್ಟೋಬರಿನಲ್ಲಿ ಅಲಾಸ್ಕದಿಂದ ಹೊರಟ, ಹುಟ್ಟಿ ಐದೇ ತಿಂಗಳಾಗಿದ್ದ ಒಂದು ಹಕ್ಕಿ 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ತಲುಪಿತು. ಅದರ ಮೇಲೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಉಪಕರಣ ಇದ್ದುದರಿಂದ ಇದು ತಿಳಿಯಿತು. ಇಂಥ ಪಯಣಕ್ಕೆ ಮುಂಚೆ ಅವು ಮೈತುಂಬ ಕೊಬ್ಬು ಕಟ್ಟಿಕೊಳ್ಳುತ್ತವೆ. ಹೊರಡುವ ಹೊತ್ತಿಗೆ ಜಠರ, ಕರುಳು ಸಹ ಕುಗ್ಗಿಸಿಕೊಂಡು ಭಾರ ಕಡಿಮೆ ಮಾಡಿಕೊಳ್ಳುತ್ತವೆ. ಆ ಕೊಬ್ಬು ಕೆಸರಿನಿಂದ ಹುಳ ಹುಳವಾಗಿ ಹೆಕ್ಕಿದ್ದು. ಒಂದು ನಾಯಿ ದಿಣ್ಣೆಯ ಮೇಲೆ ಓಡಿದಾಗಲೆಲ್ಲ ಹಿಂಡು ಎದ್ದು ಸುತ್ತು ಹೊಡೆದು ಖರ್ಚು ಮಾಡುವುದು ಇದನ್ನೇ. ನಾಯಿಗಿಂತ ಕೆಟ್ಟದ್ದು ಡ್ರೋನ್. ತಲೆಯ ಮೇಲೆ ತೂಗಾಡುವ ಸದ್ದನ್ನು ಹಕ್ಕಿ ಗಿಡುಗನ ಲೆಕ್ಕಕ್ಕೇ ಹಾಕುತ್ತದೆ.

ಈಗ ನೋಡಬರುವವರಿಗೆ. ಭರತದ ವೇಳೆಗೆ ಸರಿಯಾಗಿ ಬಂದರೆ ತಡವಾಯಿತು. 3 ಗಂಟೆ ಮೊದಲೇ ಬಂದು, ತಂಗುವ ದಿಣ್ಣೆಯಿಂದ ದೂರ, ಬೆನ್ನಿಗೆ ಪೊದೆಯೋ ಏರಿಯೋ ಇರುವ ಕಡೆ ಕುಳಿತುಬಿಡಿ. ನೀರೇ ಹಕ್ಕಿಗಳನ್ನು ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ. ಹಿಂದೆ ಓಡುವ ಕೆಲಸವಿಲ್ಲ. ಪಶ್ಚಿಮಕ್ಕೆ ತೆರೆದ ಕೊಲ್ಲಿಯಾದರೆ ಬೆಳಗಿನ ಭರತ ಇರುವ ದಿನ ಆರಿಸಿ, ಸೂರ್ಯ ಬೆನ್ನಿಗಿರುತ್ತಾನೆ. ಪೂರ್ವದ ಕೊಲ್ಲಿಗೆ ಸಂಜೆ. ಬೆಳಕಿಗೆ ಎದುರಾಗಿ ಕುಳಿತರೆ ಎಲ್ಲ ಗೊರವಗಳೂ ಒಂದೇ ಕಪ್ಪು ಬೊಂಬೆ. ಅತಿ ಎತ್ತರದ ಭರತ ಆಯಾ ಕೊಲ್ಲಿಯಲ್ಲಿ ಹೆಚ್ಚುಕಡಿಮೆ ಅದರದೇ ಆದ ಗೊತ್ತಾದ ಹೊತ್ತಿಗೆ ಬೀಳುತ್ತದೆ. ಹಳೆಯ ನಾವಿಕರು ಇದನ್ನು ನಕ್ಷೆಯ ಮೇಲೇ ಬರೆದಿಡುತ್ತಿದ್ದರು: ಹುಣ್ಣಿಮೆ, ಅಮಾವಾಸ್ಯೆಯ ದಿನ ಚಂದ್ರ ನೆತ್ತಿಯ ರೇಖೆ ದಾಟಿದ ಎಷ್ಟು ಹೊತ್ತಿಗೆ ಈ ಬಂದರಿನಲ್ಲಿ ನೀರು ತುಂಬುತ್ತದೆ ಎಂದು. ಆ ಒಂದು ಅಂಕಿ ತಿಳಿದಿದ್ದರೆ ಪಂಚಾಂಗ ನೋಡಿಯೇ ಭೇಟಿಯ ದಿನ ಗೊತ್ತುಮಾಡಬಹುದು.

ಬೈನಾಕ್ಯುಲರ್ 8×42 ಇರಲಿ, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲದ್ದು. 10 ಪಟ್ಟಿನದು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಕೊಲ್ಲಿಯ ಗಾಳಿಯಲ್ಲಿ ಕೈ ನಡುಕವನ್ನೂ 10 ಪಟ್ಟು ಮಾಡುತ್ತದೆ. ಮೊದಲು ಬಲಗಡೆಯ ಮಸೂರ ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ನಡುವಿನ ಚಕ್ರ ತಿರುಗಿಸಿ ದೂರದ ಗೂಟವೊಂದನ್ನು ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳೆ ಮಾತ್ರ ತಿರುಗಿಸಿ ಅದೇ ಗೂಟ ಸ್ಪಷ್ಟ ಮಾಡಿ. ಇಷ್ಟು ಮಾಡದೆ 'ಈ ದುರ್ಬೀನು ತಲೆನೋವು ತರಿಸುತ್ತದೆ' ಎಂದು ದೂರುವವರು ಬಹಳ. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ನೋಟ ಕೊಳವೆಯಲ್ಲಿ ಇಣುಕಿದಂತೆ ಕಿರಿದಾಗುತ್ತದೆ. ಮುಕ್ಕಾಲಿಯ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ಸ್ಪಾಟಿಂಗ್ ಸ್ಕೋಪ್ ಇದ್ದರೆ ಮುಕ್ಕಾಲಿ ಕುಗ್ಗಿಸಿ ಕುಳಿತೇ ನೋಡಿ. ನಿಂತ ಮನುಷ್ಯನ ನೆರಳುಗೆರೆ ಹಕ್ಕಿಗೆ ಬಲು ದೂರದಿಂದ ಕಾಣುತ್ತದೆ. ಮಧ್ಯಾಹ್ನ ಬಿಸಿಗಾಳಿ ಕುಣಿಯುವಾಗ 60 ಪಟ್ಟಿಗೆ ಏರಿಸಿದರೆ ಕಾಣುವುದು ಅಲೆಯುವ ಮಸಿ ಮಾತ್ರ, 25-30ಕ್ಕೆ ಇಳಿಸಿ. ಮಸೂರದ ಮೇಲಿನ ಉಪ್ಪನ್ನು ಅಂಗಿಯ ತುದಿಯಿಂದ ಒರೆಸಬೇಡಿ. ಒಣಗಿದ ಉಪ್ಪು ಹರಳು ಗೀರು ಹಾಕುತ್ತದೆ. ಮೊದಲು ಊದಿ, ನೀರು ಒಳಹೋಗದ ಜಾತಿಯದಾದರೆ ಸಿಹಿನೀರಿನಲ್ಲಿ ತೊಳೆದು, ಆಮೇಲೆ ಮೆತ್ತನೆಯ ಬಟ್ಟೆ.

ಬಣ್ಣಕ್ಕಿಂತ ಕೊಕ್ಕು ಮತ್ತು ನಡೆ ನೋಡಿ. ಪ್ಲೋವರ್‌ಗೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು: ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ದಿಟ್ಟಿಸಿ, ಕುಟುಕುತ್ತದೆ. ಅದರ ಬೇಟೆ ಕಣ್ಣಿನದು. ಗೊರವಗಳದ್ದು ಮುಟ್ಟಿ ತಿಳಿಯುವ ಬೇಟೆ. ತಲೆ ತಗ್ಗಿಸಿ ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚುತ್ತಾ ಸಾಗುತ್ತವೆ. ರೆಡ್ ನಾಟ್‌ನ ಕೊಕ್ಕಿನ ತುದಿಯಲ್ಲಿ ಒತ್ತಡ ಗ್ರಹಿಸುವ ಸೂಕ್ಷ್ಮ ಅಂಗಗಳಿದ್ದು, ಒದ್ದೆ ಮರಳಿನೊಳಗೆ ಹೂತ ಚಿಪ್ಪನ್ನು ಮುಟ್ಟದೆಯೇ ಪತ್ತೆ ಹಚ್ಚುತ್ತದೆ. ಕರ್ಲ್ಯೂ ಬಾಗುಕೊಕ್ಕನ್ನು ಬುಡದವರೆಗೆ ಇಳಿಸಿ, ಉದ್ದಕ್ಕೂ ತೆರೆಯದೆ ತುದಿಯನ್ನಷ್ಟೇ ಚಿಮಟದಂತೆ ಬಿಚ್ಚಿ ಹುಳ ಹಿಡಿಯುತ್ತದೆ. ಒಂದೇ ಬಯಲಿನಲ್ಲಿ ಇಷ್ಟು ಜಾತಿ ಜಗಳವಿಲ್ಲದೆ ಉಣ್ಣುವುದಕ್ಕೆ ಒಂದು ಕಾರಣ ಈ ಕೊಕ್ಕಿನ ಅಳತೆ: ಒಬ್ಬೊಬ್ಬರ ಪಂಕ್ತಿ ಒಂದೊಂದು ಆಳದಲ್ಲಿ. ದಡದಿಂದಲೇ ಬಗ್ಗಿ ನೋಡಿದರೆ ಆ ಊಟದ ಗುರುತೂ ಸಿಗುತ್ತದೆ. ಮರಳು ಬೆರೆತ ಕೆಸರಿನ ಮೇಲೆ ಶ್ಯಾವಿಗೆ ಹಿಂಡಿ ಇಟ್ಟಂತೆ ಸುರುಳಿ ಗುಪ್ಪೆ ಕಂಡರೆ ಅದು ಲಗ್‌ವರ್ಮ್ ಎಂಬ ಹುಳದ್ದು. ಒಂದಷ್ಟು ಬೆರಳು ದೂರದಲ್ಲೇ ಬಟ್ಟಲಿನಂಥ ಸಣ್ಣ ತಗ್ಗು ಇರುತ್ತದೆ. ತಗ್ಗಿನ ಕಡೆಯಿಂದ ಮರಳು ನುಂಗಿ, ಸತ್ವ ಹೀರಿ, ಗುಪ್ಪೆಯ ಕಡೆಗೆ ಹೊರಹಾಕುತ್ತದೆ. ಎರಡರ ನಡುವೆ ನೆಲದಡಿ ಇಂಗ್ಲಿಷಿನ ಯು ಅಕ್ಷರದಂಥ ಬಿಲ. ಬಾಲ ಹೊರಗಿಡುವ ಆ ಗಳಿಗೆಗೇ ಹಕ್ಕಿ ಕಾಯುವುದು.

ಹತ್ತಿರ ಹೋದದ್ದು ಹೆಚ್ಚಾಯಿತೇ ಎಂದು ತಿಳಿಯಲು ಮೀಟರ್ ಪಟ್ಟಿ ಬೇಡ, ಹಕ್ಕಿಯೇ ಹೇಳುತ್ತದೆ. ಗರಿ ತೀಡುವುದು ನಿಲ್ಲುತ್ತದೆ. ಮಲಗಿದ್ದವು ತಲೆ ಎತ್ತುತ್ತವೆ, ಮಡಚಿದ್ದ ಕಾಲು ಇಳಿಯುತ್ತದೆ, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿ ನಿಧಾನ ನಡೆಯತೊಡಗುತ್ತವೆ. ತಲೆ ಎತ್ತಿದ ಹಂತದಲ್ಲೇ ನಿಂತು ಹಿಂದೆ ಸರಿದರೆ ಉಳಿಯಿತು. ನಡೆಯತೊಡಗಿದ ಮೇಲೆ ಇನ್ನೊಂದು ಹೆಜ್ಜೆಗೆ ಇಡೀ ಹಿಂಡು ಆಕಾಶದಲ್ಲಿ. ದೊಡ್ಡ ಹಕ್ಕಿಗೆ ದೂರ ಹೆಚ್ಚು ಬೇಕು. ಗೊರವದ ಸಣ್ಣ ಜಾತಿ ಸುಮ್ಮನಿರುವ ಅಂತರದಲ್ಲಿ ಕರ್ಲ್ಯೂ ಯಾವತ್ತೋ ಎದ್ದು ಹೋಗಿರುತ್ತದೆ. ಒಂಟಿ ಕಾಲಲ್ಲಿ, ಕೊಕ್ಕು ಬೆನ್ನಲ್ಲಿ ಹುದುಗಿಸಿ ನಿಂತದ್ದು ಗಾಯಗೊಂಡದ್ದಲ್ಲ, ಮಲಗಿದೆ ಅಷ್ಟೆ. 'ರಕ್ಷಣೆ'ಗೆ ಅಟ್ಟಿಸಿಕೊಂಡು ಹೋಗುವ ಪುಣ್ಯಾತ್ಮರಿಗೆ ಈ ಮಾತು. ಹಾಗೆಯೇ, ರೆಕ್ಕೆ ಮುರಿದಂತೆ ಎಳೆದುಕೊಂಡು ನಿಮ್ಮೆದುರು ಹೊರಳಾಡುವ ಪ್ಲೋವರ್ ನಾಟಕ ಆಡುತ್ತಿದೆ: ಕಾಲಬುಡದಲ್ಲೆಲ್ಲೋ ಅದರ ಮೊಟ್ಟೆ ಇದೆ, ಬೆಣಚುಕಲ್ಲಿನದೇ ಬಣ್ಣ. ಪಕ್ಕಕ್ಕೆ ತಿರುಗಬೇಡಿ, ಬಂದ ಹೆಜ್ಜೆಗುರುತಿನ ಮೇಲೇ ಹಿಂದಿರುಗಿ. ತಾಯಿ ಎದ್ದಿರುವಷ್ಟು ಹೊತ್ತು ಬಿಸಿಲಿನಲ್ಲಿ ಮೊಟ್ಟೆ ಬೇಯುತ್ತಿರುತ್ತದೆ.

ಜೀವಕ್ಕೆ ಅಪಾಯ ತರುವುದು ಕೆಸರು ಬಯಲಿನ ನಡಿಗೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಭರತಕ್ಕೆ ಆರು ಗಂಟೆ ಎಂದಿಟ್ಟುಕೊಂಡರೆ ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲು ಮೊದಲ ಗಂಟೆಯಲ್ಲಿ, ಎರಡು ಪಾಲು ಎರಡನೆಯದರಲ್ಲಿ, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಎರಡು, ಒಂದು. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಏರಿಕೆ 2.4 ಮೀಟರ್ ಇದ್ದರೆ ಮೂರನೇ ಗಂಟೆಯೊಂದರಲ್ಲೇ 0.6 ಮೀಟರ್. 200 ಮೀಟರಿಗೆ 1 ಮೀಟರ್ ಇಳಿಜಾರಿರುವ ಬಯಲಿನಲ್ಲಿ ಇದರ ಅರ್ಥ ನೀರಿನ ಅಂಚು ಆ ಗಂಟೆಯಲ್ಲಿ 120 ಮೀಟರ್ ಒಳಬರುತ್ತದೆ, ನಿಮಿಷಕ್ಕೆ 2 ಮೀಟರ್. ಇಷ್ಟನ್ನು ನಡೆದೇ ತಪ್ಪಿಸಿಕೊಳ್ಳಬಹುದಲ್ಲ ಅನಿಸುತ್ತದೆ. ಮೋಸ ಇರುವುದು ಕಾಲುವೆಗಳಲ್ಲಿ: ನೀರು ಮೊದಲು ತುಂಬುವುದು ಬೆನ್ನ ಹಿಂದಿನ ತಗ್ಗುಗಳನ್ನು, ಎದುರಿನ ಅಂಚು ಇನ್ನೂ ದೂರ ಇರುವಾಗಲೇ. ಇಂಗ್ಲೆಂಡಿನ ಮೋರ್‌ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪು ಆಯಲು ಹೋಗಿದ್ದ ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಏರುವ ನೀರಿಗೆ ಸಿಕ್ಕಿ ಸತ್ತರು. ಬಯಲಿಗೆ ಇಳಿಯಲೇಬೇಕಾದವರು ನೀರು ಇಳಿಯುತ್ತಿರುವಾಗ ಇಳಿದು, ಇಳಿತದ ವೇಳೆಯೊಳಗೆ ದಡ ಸೇರಬೇಕು. ವೇಳಾಪಟ್ಟಿಯ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದು ಹೇಳುವುದು ಬಂದರಿನ ವೇಳೆ, ಒಳಕೊಲ್ಲಿಗೆ ನೀರು ತಡವಾಗಿ ಬರುತ್ತದೆ. ಗಾಳಿ, ವಾಯುಭಾರ ಅದರಲ್ಲಿ ಸೇರಿಲ್ಲ: ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ, ದಡದ ಕಡೆ ಬೀಸುವ ಬಿರುಗಾಳಿ ಇನ್ನಷ್ಟು ತಳ್ಳುತ್ತದೆ.

ಅಲೆಗೆರೆ ಮೂಡಿದ ಮರಳು ಗಟ್ಟಿ. ನುಣ್ಣಗೆ ಹೊಳೆಯುವ ಕೆಸರು ಮೆತ್ತನೆ. ಕಾಲು ಹೂತರೆ ಜಗ್ಗಾಡಬೇಡಿ, ಜೋರಾಗಿ ಅಲುಗಿಸಿದಷ್ಟೂ ಸುತ್ತಲ ಕೆಸರು ನೀರಾಗಿ ಇನ್ನೂ ಒಳಗೆಳೆದುಕೊಂಡು ಮತ್ತೆ ಬಿಗಿಯುತ್ತದೆ. ಬೆನ್ನಚೀಲ ಕಳಚಿ, ಹಿಂದಕ್ಕೆ ಕುಳಿತು ಭಾರ ಹರಡಿ, ಒಂದೊಂದೇ ಕಾಲನ್ನು ನಿಧಾನ ಅತ್ತಿತ್ತ ಆಡಿಸಿ ಬಿಡಿಸಿಕೊಳ್ಳಿ. ಮೊಣಕಾಲೆತ್ತರದ ರಬ್ಬರ್ ಬೂಟು ಇಲ್ಲಿ ಶತ್ರು, ಅದರ ಸುತ್ತ ಗಾಳಿ ಆಡದೆ ಕೆಸರು ಹೀರಿಕೊಂಡು ಕೂರುತ್ತದೆ.

ದಂಡೆಯ ಚರಿತ್ರೆಗೂ ಇದೇ ಕೆಸರು ಭಂಡಾರ. ಗಾಳಿಯಿಲ್ಲದ ಕೆಸರಿನಲ್ಲಿ ಮರ ಕೊಳೆಯುವುದಿಲ್ಲ. ಇಂಗ್ಲೆಂಡಿನ ನಾರ್ಫೋಕ್ ತೀರದಲ್ಲಿ 1998ರಲ್ಲಿ ಅಲೆ ಮರಳು ಕೊಚ್ಚಿದಾಗ ಎದ್ದ ಮರದ ಗೂಟಗಳ ವರ್ತುಲಕ್ಕೆ ಮರ ಕಡಿದದ್ದು ಕ್ರಿ.ಪೂ. 2049ರಲ್ಲಿ ಎಂದು ಉಂಗುರ ಎಣಿಸಿ ಹೇಳಲು ಸಾಧ್ಯವಾಯಿತು. ಲಿವರ್‌ಪೂಲ್ ಕೊಲ್ಲಿಯ ಫಾರ್ಂಬಿಯಲ್ಲಿ ಸಾವಿರಾರು ವರ್ಷ ಹಿಂದಿನ ಕೆಸರಿನ ಪದರದಲ್ಲಿ ಮನುಷ್ಯರ ಬರಿಗಾಲ ಗುರುತುಗಳ ಜೊತೆಗೆ ಕೊಕ್ಕರೆಯಂತೆ ಕಾಣುವ ದೊಡ್ಡ ಕ್ರೇನ್ ಹಕ್ಕಿಯ ಹೆಜ್ಜೆಗಳೂ ಇವೆ. ಒಮ್ಮೆ ತೆರೆದುಕೊಂಡರೆ ಕೆಲವೇ ಭರತಗಳಲ್ಲಿ ಅಳಿದುಹೋಗುತ್ತವೆ, ಆದ್ದರಿಂದ ಕಂಡವರು ಅಳತೆಕೋಲು ಪಕ್ಕದಲ್ಲಿಟ್ಟು ಓರೆ ಬೆಳಕಿನಲ್ಲಿ ಫೋಟೋ ತೆಗೆದು ಕೂಡಲೇ ಪುರಾತತ್ವದವರಿಗೆ ತಿಳಿಸಬೇಕು. ಕೆಸರಿನಿಂದ ಇಣುಕುವ ಹಳೆಯ ಗೂಟ ಕಿತ್ತು ಮನೆಗೊಯ್ದರೆ ಒಣಗಿ, ಸೀಳಿ, ಪುಡಿಯಾಗುತ್ತದೆ.

ಚಿಪ್ಪಿನ ದಿಬ್ಬ ಕಂಡರೆ ಅದು ಅಲೆ ಗುಡ್ಡೆ ಹಾಕಿದ್ದೋ ಹಿಂದಿನವರು ತಿಂದು ಎಸೆದದ್ದೋ ಎಂದು ನೀವೇ ಬೇರ್ಪಡಿಸಬಹುದು. ಅಲೆಯದ್ದರಲ್ಲಿ ದೊಡ್ಡದು, ಸಣ್ಣದು, ತಿನ್ನಲಾಗದ ಮರಿಚಿಪ್ಪು ಎಲ್ಲ ಬೆರೆತು, ಅಂಚು ಸವೆದಿರುತ್ತದೆ. ಮನುಷ್ಯರದ್ದರಲ್ಲಿ ತಿನ್ನಲು ಯೋಗ್ಯವಾದ ಒಂದೆರಡೇ ಜಾತಿ, ಒಂದೇ ಅಳತೆ, ಜೊತೆಗೆ ಇದ್ದಿಲು, ಸುಟ್ಟ ಕಲ್ಲು, ಮೀನಿನ ಮೂಳೆ. ಇನ್ನು ಸುತ್ತಮುತ್ತ ಎಲ್ಲೂ ಇಲ್ಲದ ಜಾತಿಯ ಕಲ್ಲುಗಳು ಹಳೆಯ ಹಡಗುಕಟ್ಟೆಯ ಬಳಿ ರಾಶಿ ಬಿದ್ದಿದ್ದರೆ, ಖಾಲಿ ಹಡಗು ಮಗುಚದಿರಲು ಹೇರಿಕೊಂಡು ಬಂದು ಸರಕು ತುಂಬುವ ಮುಂಚೆ ಸುರಿದ ಭಾರದ ಕಲ್ಲು ಇರಬಹುದು. ಹಳೆಯ ಕಡಲನಕ್ಷೆಯಲ್ಲಿ ಆಳದ ಅಂಕಿಯ ಪಕ್ಕ ಕೆಸರು, ಮರಳು, ಚಿಪ್ಪು ಎಂಬುದಕ್ಕೆ ಒಂದೊಂದು ಅಕ್ಷರ ಇರುತ್ತದೆ. ಅದು ಊಹೆಯಲ್ಲ. ಆಳ ಅಳೆಯುವ ಸೀಸದ ಗುಂಡಿನ ತಳದ ಕುಳಿಗೆ ಪ್ರಾಣಿಕೊಬ್ಬು ಮೆತ್ತಿ ಇಳಿಸುತ್ತಿದ್ದರು, ತಳದ ಮಣ್ಣು ಅಂಟಿಕೊಂಡು ಮೇಲೆ ಬರುತ್ತಿತ್ತು. ಅಂಕಿ ಫ್ಯಾದಮ್‌ನಲ್ಲಿದ್ದರೆ 1.83ರಿಂದ ಗುಣಿಸಿ ಮೀಟರಿಗೆ ತನ್ನಿ. ಇಂದಿನ ನಕ್ಷೆಯ ಜೊತೆ ಹೋಲಿಸುವ ಮುನ್ನ ಎರಡೂ ಯಾವ ನೀರಮಟ್ಟದಿಂದ ಅಳೆದವು ಎಂದು ನೋಡಿ. ಅದನ್ನು ಬಿಟ್ಟು 'ಕೊಲ್ಲಿ ಇಷ್ಟು ಹೂತುಹೋಗಿದೆ' ಎಂದು ಘೋಷಿಸಿದ ವರದಿಗಳಿಗೆ ಅರ್ಥವಿಲ್ಲ.

ಅಧಿಕಾರಿಗಳಲ್ಲಿ ಇನ್ನು ಕೆಲವು ಮಾತು. ಭರತದ ಗೆರೆಯುದ್ದಕ್ಕೂ ಬಿದ್ದ ಪಾಚಿ, ಕಡ್ಡಿಯ ಸಾಲನ್ನು ಯಂತ್ರದಿಂದ ಗೋರಬೇಡಿ. ಅದರಡಿಯ ಮರಳುಚಿಮ್ಮ ಎಂಬ ಜಿಗಿಯುವ ಪುಟ್ಟ ಜೀವಿ, ನೊಣದ ಹುಳ ಸಣ್ಣ ಪ್ಲೋವರ್‌ಗಳ ಅನ್ನ. ಅವುಗಳ ಗೂಡೂ ಅದರಿಂದ ತುಸು ಮೇಲೆಯೇ. ಪ್ಲಾಸ್ಟಿಕ್ ಕೈಯಿಂದ ಹೆಕ್ಕಿಸಿ. ದೀಪ ಬೇಕೇ ಬೇಕಾದರೆ ಮೊಣಕಾಲೆತ್ತರಕ್ಕೆ, ನೀರಿನ ಕಡೆ ಮುಚ್ಚಿದ, ಹಳದಿ ಬೆಳಕಿನದು. ನೋಡುವ ಮರೆಗಟ್ಟೆ ಕಟ್ಟುವುದಾದರೆ ಸೂರ್ಯ ಬೆನ್ನಿಗೆ ಬರುವಂತೆ ಕಟ್ಟಿ, ಅದಕ್ಕೆ ಹೋಗುವ ದಾರಿಯನ್ನೂ ಏರಿಯ ಹಿಂದಿನಿಂದ ತನ್ನಿ. ಒಳಗೆ ಕುಳಿತವರು ಕಾಣದಿದ್ದು, ಬರುವವರ ತಲೆ ಆಕಾಶದೆದುರು ಸಾಲಾಗಿ ಕಂಡರೆ ಕಟ್ಟಿದ್ದೂ ದಂಡ. ನೋಡುಗಂಡಿ ಒಂದು ನಿಂತವರ ಕಣ್ಣೆತ್ತರಕ್ಕಿದ್ದರೆ, ಗಾಲಿಕುರ್ಚಿಯವರಿಗೂ ಮಕ್ಕಳಿಗೂ ಸುಮಾರು 1.1 ಮೀಟರಿನಲ್ಲಿ ಇನ್ನೊಂದು ಇರಲಿ.

ಮತ್ತು ಏನನ್ನೇ ಕಟ್ಟುವ ಮೊದಲು ಎಣಿಸಿ. ಎತ್ತರದ ಭರತದ ದಿನ, ಭರತದ ಹಿಂದುಮುಂದಿನ ಒಂದು ಗಂಟೆಯೊಳಗೆ, ಪ್ರತಿ ತಿಂಗಳು, ಗೊತ್ತಾದ ಒಂದೇ ಜಾಗದಿಂದ. ತಂಗುವ ದಿಣ್ಣೆ ಎರಡಿದ್ದರೆ ಇಬ್ಬರು ಒಂದೇ ಹೊತ್ತಿಗೆ ಎಣಿಸಬೇಕು, ಇಲ್ಲವಾದರೆ ಅತ್ತಿಂದಿತ್ತ ಹಾರಿದ ಹಿಂಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹತ್ತನ್ನು ಎಣಿಸಿ ಅದು ಎಷ್ಟು ಅಗಲ ಎಂದು ಕಣ್ಣಿಗೆ ಕೂರಿಸಿಕೊಂಡು, ಆ ಅಳತೆಯಲ್ಲಿ ನೂರಕ್ಕೆ, ಸಾವಿರಕ್ಕೆ ಹೋಗಿ. ಒಂದೇ ತಿಂಗಳ ಎಣಿಕೆ ನಂಬಿ 'ಇಲ್ಲಿ ಹೆಚ್ಚೇನೂ ಹಕ್ಕಿಯಿಲ್ಲ' ಎಂದು ಬರೆಯುವವರಿಗೆ, ಎರಡೇ ವಾರ ಇಳಿದು ಹೋಗುವ ವಲಸೆ ಹಿಂಡು ಸಿಕ್ಕುವುದೇ ಇಲ್ಲ. ಕಟ್ಟಿದ್ದರಿಂದಾದ ನಷ್ಟ ತಿಳಿಯುವುದೂ ಎಣಿಕೆಯಿಂದಲೇ. ದಕ್ಷಿಣ ಕೊರಿಯದ ಸೆಮಾಂಗಮ್‌ನಲ್ಲಿ ಸುಮಾರು 33 ಕಿಲೋಮೀಟರಿನ ತಡೆಗೋಡೆ 2006ರ ಏಪ್ರಿಲಿನಲ್ಲಿ ಮುಚ್ಚಿಕೊಂಡು ಕೆಸರು ಬಯಲಿಗೆ ಭರತ ಬರುವುದು ನಿಂತಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಎಂಬ ವಲಸೆ ಹಕ್ಕಿಯ ಹಿಂಡುಗಳು ಪಕ್ಕದ ಬಯಲುಗಳಲ್ಲಿ ನೆಲೆ ಕಂಡುಕೊಳ್ಳಲಿಲ್ಲ, ದೂರದ ಆಸ್ಟ್ರೇಲಿಯದ ಎಣಿಕೆಯಲ್ಲೂ ಆ ಜಾತಿ ಕುಸಿಯಿತು.

ಫಲಕದ ಮಾತಿನಿಂದ ಶುರು ಮಾಡಿದ್ದೆವು. ಅದು ಸೀಮೆಸುಣ್ಣದ ಹಲಗೆಯಾದರೂ ಸಾಕು, ದಿನಾ ಬೆಳಿಗ್ಗೆ ಒಬ್ಬರು ಬರೆಯಬೇಕು ಅಷ್ಟೆ. ಮಾದರಿಗೆ:

'ಇವತ್ತಿನ ಭರತ ಬೆಳಿಗ್ಗೆ 9.40, ಎತ್ತರ 2.3 ಮೀಟರ್. ಹಗ್ಗದಾಚೆಯ ಮರಳುದಿಣ್ಣೆಯಲ್ಲಿ ಹಕ್ಕಿಗಳು ಮಲಗುತ್ತವೆ, 7.40ರಿಂದ 11.40ರವರೆಗೆ ಆಚೆ ಹೋಗಬೇಡಿ. ನೋಡಲು ಒಳ್ಳೆಯ ಹೊತ್ತು 6.40ರಿಂದ, ಏರಿಯ ಬಳಿ. ಇಳಿತ ಮಧ್ಯಾಹ್ನ 3.50, ಬಯಲಿಗೆ ಇಳಿದವರು ಅಷ್ಟರೊಳಗೆ ದಡ ಸೇರಿ. ನಾಳೆಯ ಭರತ 10.30.'

ಇಂತಿ,
ಕೊಲ್ಲಿ ದಂಡೆಯಲ್ಲಿ ಹಕ್ಕಿ ಎಣಿಸುವವರು